ಹೋರಿ ನೋಡಿದರೆ ಪೈಲ್ವಾನ್, ಹಸು ಮಾತ್ರ ಗಬ್ಬ ನಿಲ್ಲುತ್ತಿಲ್ಲ. ಮೇವಿನ ತಪ್ಪಾ?

ಮಾಂಜ್ರಿ ಗೌಡ | ಜೂನ್ 14, ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ನಾನು ಮೂಲ ಇಂಡಿ ತಾಲೂಕಿನವನು. ಪುಣೆಯಲ್ಲಿ ಹಡಪ್ಸರ ದಾಟಿದ ಮೇಲೆ ಮಾಂಜ್ರಿ ಬರುತ್ತದಲ್ಲ, ಅಲ್ಲಿ ಹನ್ನೆರಡು ವರ್ಷದಿಂದ ಹೈನು ಮಾಡುತ್ತಿದ್ದೇನೆ. ಹದಿನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು ಇವೆ.

ನನ್ನ ಕೊಟ್ಟಿಗೆಯಲ್ಲಿ ಗೌರಿ ಅಂತ ಒಂದು ಹಸು ಇತ್ತು. ದಿನಕ್ಕೆ 24 ಲೀಟರ್ ಕೊಡುತ್ತಿದ್ದಳು. ಕರು ಹಾಕಿ ಏಳು ತಿಂಗಳಿಗೆ ತೀರಿಕೊಂಡಳು. ಗಂಡುಗರುವನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದವನು, ಅವಳ ನೆನಪಿಗೆ ಇಟ್ಟುಕೊಂಡೆ. ಹೆಸರು ಭೀಮ. ಈಗ 19 ತಿಂಗಳು. ಮೈ ಮಿಂಚುತ್ತದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿ ಹಾಕಿಸಿ ಕೆಲವು ಹಸು ತಿರುಗಿ ತಿರುಗಿ ಬೆದೆಗೆ ಬರುತ್ತಿದ್ದವು. ಹಾಗಾಗಿ ಐದು ತಿಂಗಳಿಂದ ಭೀಮನನ್ನೇ ಬಿಡುತ್ತಿದ್ದೇನೆ. ನನ್ನವು ಮತ್ತು ಅಕ್ಕಪಕ್ಕದವರದು ಸೇರಿ ಹನ್ನೊಂದು ಹಸುವಿಗೆ ಹಾರಿಸಿದ್ದಾಯಿತು. ಗಬ್ಬ ನಿಂತದ್ದು ಮೂರು. ಹಾರುವುದರಲ್ಲಿ ಏನೂ ಕೊರತೆ ಇಲ್ಲ. ಹುರುಪು ಇದೆ. ಪಕ್ಕದ ಮರಾಠಿ ಗೆಳೆಯ ನಗುತ್ತಾ, 'ಗೌಡಾ, ನಿನ್ನ ಹೋರಿ ಬರೀ ಫೋಟೋಕ್ಕೆ' ಅಂದ. ಸಿಟ್ಟು ಬಂತು. ಆದರೆ ಉತ್ತರ ಇರಲಿಲ್ಲ.

ಇದು ಮೇವಿನಿಂದ ಆಗುತ್ತದಾ? ನಾನು ತಿನ್ನಿಸುವುದರಲ್ಲಿ ಕೈ ಹಿಡಿದವನೇ ಅಲ್ಲ. ಗೊತ್ತಿದ್ದವರು ಹೇಳಿ.

ಸುಮ್ನೆ ಬಂದೆ | ಜೂನ್ 14, 9:42

ನಾನು ಹಿಂಜವಡಿಯಲ್ಲಿ ಕಂಪ್ಯೂಟರ್ ಕುಟ್ಟುವವನು, ದನದ ವಿಷಯ ಸೊನ್ನೆ. ಆದರೂ ಕೇಳುತ್ತೇನೆ. ಹಾರುತ್ತದೆ ಅಂದರೆ ಕೆಲಸ ಆಯ್ತು ಅಂತಲ್ಲವಾ?

ಖಿಲಾರಿ ಪ್ರೇಮಿ | ಜೂನ್ 14, 10:05

ಗೌಡ್ರೇ, ಎಚ್‌ಎಫ್ ಹೋರಿ ಅಂದರೆ ಸಪ್ಪಗೆ. ಅದಕ್ಕೆ ತಾಕತ್ತು ತುಂಬಬೇಕು. ನಮ್ಮಲ್ಲಿ ಶರ್ಯತ್ತಿನ, ಅಂದರೆ ಗಾಡಿ ಓಟದ, ಖಿಲಾರಿ ತಳಿಯ ಹೋರಿಗೆ ಏನು ಕೊಡುತ್ತೇವೆ ಗೊತ್ತಾ? ಬೆಳಿಗ್ಗೆ ಹಾಲು, ನಾಟಿ ಮೊಟ್ಟೆ, ಉದ್ದಿನ ಹಿಟ್ಟು, ಸಂಜೆ ಹತ್ತಿಕಾಳು ನೆನೆಸಿ ರುಬ್ಬಿ. 2023ರಲ್ಲಿ ಸುಪ್ರೀಂ ಕೋರ್ಟು ಶರ್ಯತ್ತಿಗೆ ಒಪ್ಪಿಗೆ ಕೊಟ್ಟ ಮೇಲಂತೂ ಚಿಂಚವಡದ ನಮ್ಮ ಓಣಿಯಲ್ಲೇ ನಾಲ್ಕು ಜೋಡಿ ಆಗಿವೆ. ಹತ್ತಿಕಾಳು ಇನ್ನೂ ಒಂದು ಕಿಲೋ ಜಾಸ್ತಿ ಮಾಡಿ, ಎರಡು ತಿಂಗಳಲ್ಲಿ ನೋಡಿ.

ದನದ ಡಾಕ್ಟ್ರು, ನಿವೃತ್ತ | ಜೂನ್ 14, ಮಧ್ಯಾಹ್ನ 1:30

ಗೌಡ್ರೇ, ದಯವಿಟ್ಟು ಹತ್ತಿಕಾಳು ಜಾಸ್ತಿ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನು ಧಾರವಾಡದ ಕಡೆ ಮೂವತ್ತು ವರ್ಷ ದನದ ಡಾಕ್ಟರಾಗಿದ್ದವನು. ಈಗ ಕೋಥ್ರೂಡಿನಲ್ಲಿ ಮಗಳ ಮನೆಯಲ್ಲಿ ಮೊಮ್ಮಗನನ್ನು ಶಾಲೆಗೆ ಬಿಡುವ ಡ್ಯೂಟಿ.

ಸುಮ್ನೆ ಬಂದೆ ಅವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ಹಾರುವ ಹುರುಪು ಬೇರೆ, ವೀರ್ಯ ಬೇರೆ. ಜೋರಾಗಿ ಹಾರುವ ಹೋರಿಯ ವೀರ್ಯ ಮಜ್ಜಿಗೆ ನೀರಿನ ಹಾಗೆ ತೆಳ್ಳಗಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಗೌಡ್ರೇ, ನಾಲ್ಕು ವಿಷಯ ಬೇಕು. ಹುಟ್ಟಿದಾಗಿನಿಂದ ಆರು ತಿಂಗಳವರೆಗೆ ಏನು ಕೊಟ್ಟಿರಿ? ಆಮೇಲೆ ಏನು ಕೊಟ್ಟಿರಿ? ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ? ಬೀಜದ (ವೃಷಣದ) ಚೀಲದ ಸುತ್ತಳತೆ ಎಷ್ಟು? ಕೊನೆಯದು ಗೊತ್ತಿರಲಿಕ್ಕಿಲ್ಲ. ಟೇಪು ತಗೊಂಡು ಅಳೆಯಿರಿ. ಎರಡೂ ಬೀಜವನ್ನು ಮೇಲಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿಯಬೇಕು. ಅತಿ ಅಗಲ ಇರುವ ಕಡೆ ಟೇಪು ಸುತ್ತಬೇಕು. ಹೆಬ್ಬೆರಳು ಎರಡರ ನಡುವೆ ತೂರಿಸಬೇಡಿ, ಅಳತೆ ಸುಳ್ಳಾಗುತ್ತದೆ. ಚಳಿಗೆ ಮೇಲೆ ಸೇರಿಕೊಂಡಿದ್ದರೆ ಬಿಸಿಲೇರುವವರೆಗೆ ಕಾಯಿರಿ. ಹೋರಿಯನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಒಬ್ಬರಿರಲಿ. ಒದೆ ತಿಂದರೆ ನನ್ನನ್ನು ಬೈಯಬೇಡಿ.

ಮಾಂಜ್ರಿ ಗೌಡ | ಜೂನ್ 15, ರಾತ್ರಿ 8:55

ಡಾಕ್ಟ್ರೇ, ಒದೆ ತಿಂದೆ. ಮೊಣಕಾಲಿಗೆ. ಚಿಂತೆ ಇಲ್ಲ.

ಹೆಂಡತಿಯ ಹೊಲಿಗೆ ಟೇಪು ತಂದಿದ್ದೆ. ಬೀಜದ ಚೀಲ ಇಪ್ಪತ್ತೊಂಬತ್ತೂವರೆ ಸೆಂಟಿಮೀಟರ್. ಎರಡು ಸಲ ಅಳೆದೆ. ಎದೆ ಸುತ್ತಳತೆಗೆ ಆ ಟೇಪು ಸಾಲಲೇ ಇಲ್ಲ. ಸುತಳಿ ಸುತ್ತಿ, ಆಮೇಲೆ ಸುತಳಿಯನ್ನು ಟೇಪಿಗೆ ಹಿಡಿದೆ. 70 ಇಂಚು. ಭುಜದಿಂದ ಹಿಂದಿನ ಎಲುಬಿನವರೆಗೆ ಉದ್ದ 58 ಇಂಚು. ಎದೆಯನ್ನು ಎದೆಯಿಂದ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ ಅಂತ ಇಲ್ಲಿನ ಒಬ್ಬ ಡಾಕ್ಟ್ರು ಹೇಳಿಕೊಟ್ಟಿದ್ದರು. ಲೆಕ್ಕ 430 ಕಿಲೋ ಬಂತು.

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ಹುಟ್ಟಿದಾಗ ಗಿಣ್ಣದ ಹಾಲು ಕುಡಿಸಿದ್ದು ನಿಜ. ಆದರೆ ಎಷ್ಟು ಅಂತ ಅಳೆಯಲಿಲ್ಲ. ಹೆಣ್ಣುಗರುಗಳಿಗೆ ಕೊಟ್ಟು ಉಳಿದದ್ದು. ಆಮೇಲೆ ದಿನಕ್ಕೆ ಎರಡು ಲೀಟರ್ ಹಾಲು, ಅದೂ ಒಂದೂವರೆ ತಿಂಗಳಿಗೆ ಬಂದ್. ಗಂಡು ತಾನೆ, ಡೇರಿಗೆ ಹಾಕಿದರೆ ದುಡ್ಡಾದರೂ ಬರುತ್ತದೆ ಅಂದುಕೊಂಡೆ. ಆಮೇಲೆ ಜೋಳದ ಕಣಿಕೆ ಮತ್ತು ಕಬ್ಬಿನ ತುದಿ. ಇಲ್ಲಿಯವರು ವಾಡೆ ಅನ್ನುತ್ತಾರೆ. ಗಾಡಿಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಹೊಟ್ಟೆ ಮಾತ್ರ ಮಡಕೆ ಆಗಿತ್ತು, ಬೆನ್ನೆಲುಬು ಕಾಣುತ್ತಿತ್ತು. ಆರು ತಿಂಗಳಿಗೆ ಜಂತುಹುಳದ ಔಷಧಿಗೆ ಅಂತ ಅಳೆದಾಗ ಎದೆ 42 ಇಂಚು, ಉದ್ದ 33. ಅಂದರೆ 88 ಕಿಲೋ. ಗೋಡೆ ಮೇಲೆ ಇದ್ದಿಲಿನಿಂದ ಬರೆದದ್ದು ಇನ್ನೂ ಇದೆ.

ಗೌರಿ ಹೋದ ಮೇಲೆ ಪಶ್ಚಾತ್ತಾಪ ಆಯಿತು. ಏಳನೇ ತಿಂಗಳಿಂದ ತಡೆಯಿಲ್ಲದೆ ತಿನ್ನಿಸಿದೆ. ಹಾಲು ಹಸುವಿನ ಪಶು ಆಹಾರ ಐದು ಕಿಲೋ, ಹತ್ತಿಕಾಳು ಹಿಂಡಿ ಎರಡು ಕಿಲೋ, ಕೆಲವು ಸಲ ಇಡೀ ಹತ್ತಿಕಾಳು, ಮೇಲೆ ಹಸುವಿನ ಕ್ಯಾಲ್ಸಿಯಂ ಟಾನಿಕ್. ಜ್ವರ ಬಂದಿಲ್ಲ.

ದನದ ಡಾಕ್ಟ್ರು, ನಿವೃತ್ತ | ಜೂನ್ 16, ಬೆಳಿಗ್ಗೆ 11:20

ಗೌಡ್ರೇ, ನಾಚಿಕೆ ಬೇಡ. ಇಷ್ಟು ಸರಿಯಾಗಿ ಬರೆದುಕೊಂಡು ಬರುವ ರೈತ ಅಪರೂಪ. ಗೋಡೆಯ ಆ ಇದ್ದಿಲಿನ ಲೆಕ್ಕವೇ ಉತ್ತರ.

ಆರು ತಿಂಗಳಲ್ಲಿ 88 ಕಿಲೋ. ಹುಟ್ಟಿದಾಗ 32 ಅಂತ ಹಿಡಿದರೂ, ದಿನಕ್ಕೆ ಮುನ್ನೂರು ಗ್ರಾಂ ಚಿಲ್ಲರೆ ಬೆಳೆದಿದೆ. ಆ ವಯಸ್ಸಿಗೆ ಎಚ್‌ಎಫ್ ಕ್ರಾಸ್ ಹೋರಿಗರು ದಿನಕ್ಕೆ 600-700 ಗ್ರಾಂ ಬೆಳೆದು 140-150 ಕಿಲೋ ಇರಬೇಕಿತ್ತು. ಆಮೇಲೆ ಹದಿಮೂರು ತಿಂಗಳಲ್ಲಿ 340 ಕಿಲೋ ಏರಿದೆ. ದಿನಕ್ಕೆ ಎಂಟುನೂರು ಗ್ರಾಂ ದಾಟಿತು. ತೂಕ ಹಿಂದಿನ ಸಾಲವನ್ನೆಲ್ಲ ತೀರಿಸಿತು. ಬೀಜ ತೀರಿಸಲಿಲ್ಲ. ಹೋರಿಯನ್ನು ತಳಿಗೆ ಬಿಡುವಾಗ ಸಾಮಾನ್ಯವಾಗಿ ನೋಡುವ ಅಳತೆ ಹೀಗಿದೆ: 15 ತಿಂಗಳ ಒಳಗೆ ಕನಿಷ್ಠ 30 ಸೆಂಟಿಮೀಟರ್, 15ರಿಂದ 18ಕ್ಕೆ 31, 18ರಿಂದ 21ಕ್ಕೆ 32, ಎರಡು ವರ್ಷ ದಾಟಿದರೆ 34. ನಿಮ್ಮ ಭೀಮ ಇನ್ನೂ ವರ್ಷದ ಕರುವಿನ ಅಳತೆಯಲ್ಲಿದ್ದಾನೆ.

ಯಾಕೆ ಹೀಗೆ? ಕರುವಿಗೆ ಎರಡು ತಿಂಗಳಾದಾಗಿನಿಂದ ಐದು ತಿಂಗಳವರೆಗೆ ಮಿದುಳಿನ ಬುಡದ ಗ್ರಂಥಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನು ಬಿಟ್ಟು ಬಿಟ್ಟು ಚಿಮ್ಮುತ್ತದೆ. ಬೀಜ ಬೆಳೆಯಲು ಕರೆ ಕೊಡುವುದು ಅದೇ. ಹೊಟ್ಟೆಗೆ ಚೆನ್ನಾಗಿ ಬಿದ್ದರೆ ಚಿಮ್ಮುವುದು ಜಾಸ್ತಿ. ಹಸಿದಿದ್ದರೆ ಕಮ್ಮಿ. ಮೈಗೆ ತಿನ್ನಲು ಇಲ್ಲ, ಮಕ್ಕಳು ಮರಿ ಯಾಕೆ ಅಂತ ದೇಹವೇ ತಡೆ ಹಾಕಿಕೊಳ್ಳುತ್ತದೆ.

ಬೀಜದ ಒಳಗೆ ಸರ್ಟೋಲಿ ಕೋಶ ಅಂತ ಇವೆ. ವೀರ್ಯಾಣುಗಳನ್ನು ಸಾಕುವ ದಾದಿಯರು ಅನ್ನಿ. ಅವು ಹೆಚ್ಚಾಗುವುದು ಸುಮಾರು ಆರೇಳು ತಿಂಗಳವರೆಗೆ ಮಾತ್ರ. ಆಮೇಲೆ ಎಣಿಕೆ ನಿಂತುಬಿಡುತ್ತದೆ. ನಮ್ಮ ಕಡೆ ಜಾತ್ರೆಯಲ್ಲಿ ರೊಟ್ಟಿ ಬಡಿಯುತ್ತಾರಲ್ಲ, ಹಂಚು ಎಷ್ಟಿವೆಯೋ ರೊಟ್ಟಿ ಅಷ್ಟೇ. ಹಿಟ್ಟು ಚೀಲಗಟ್ಟಲೆ ತಂದು ಸುರಿದರೆ ಹಂಚು ಹೆಚ್ಚಾಗುವುದಿಲ್ಲ. ನೀವು ಏಳನೇ ತಿಂಗಳಿಂದ ಸುರಿದದ್ದು ಹಿಟ್ಟು.

ಇನ್ನೊಂದು. ಆ ಹಿಟ್ಟು ಎಲ್ಲಿಗೆ ಹೋಯಿತು? ಬೀಜದ ಚೀಲದ ಮೇಲ್ಭಾಗ, ಹೊಟ್ಟೆಗೆ ಸೇರುವ ಕತ್ತಿನ ಕಡೆ ಮುಟ್ಟಿ ನೋಡಿ. ಮೆತ್ತಗೆ ದಪ್ಪ ಇದೆಯಾ? ಅದು ಕೊಬ್ಬು. ಬೀಜ ಮೈಗಿಂತ ಮೂರ್ನಾಲ್ಕು ಡಿಗ್ರಿ ತಂಪಾಗಿರಬೇಕು. ಅದಕ್ಕೇ ದೇವರು ಹೊರಗೆ ತೂಗುಹಾಕಿದ್ದು. ಆ ಕತ್ತಿನಲ್ಲಿ ರಕ್ತನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡು ಶಾಖ ಇಳಿಸುತ್ತವೆ. ಅಲ್ಲಿ ಕೊಬ್ಬು ಕೂತರೆ ಶಾಲು ಹೊದಿಸಿದ ಹಾಗೆ. ಏಪ್ರಿಲ್-ಮೇ ತಿಂಗಳ ಪುಣೆ ಬಿಸಿಲಲ್ಲಿ ಶಾಲು ಹೊದ್ದರೆ ಏನಾಗುತ್ತದೆ?

ಮಧ್ಯೆ ಒಂದು ಮಾತು. ಗೌರಿಯ ಬೇರೆ ಹೆಣ್ಣುಮಕ್ಕಳಿಗೆ ಭೀಮನನ್ನು ಬಿಟ್ಟಿಲ್ಲ ತಾನೆ? ಬಿಡಬೇಡಿ.

ಪರೇಲ್ ಹುಡುಗಿ | ಜೂನ್ 16, ಸಂಜೆ 5:48

ಡಾಕ್ಟರ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಬೀದರಿನವಳು. ಮುಂಬೈ ಪರೇಲಿನ ವೆಟರ್ನರಿ ಕಾಲೇಜಿನಲ್ಲಿ ಓದುತ್ತಿದ್ದೇನೆ. 1886ರ ಕಾಲೇಜು. ಕಟ್ಟಡ ನೋಡಿದರೆ ಓದಲೇಬೇಕು ಅನ್ನಿಸುತ್ತದೆ, ಹಾಸ್ಟೆಲ್ ನೋಡಿದರೆ ಊರಿಗೆ ಹೋಗಬೇಕು ಅನ್ನಿಸುತ್ತದೆ.

ಕೆನಡಾದಲ್ಲಿ ಹೋಲ್‌ಸ್ಟೀನ್ ಗಂಡುಗರುಗಳ ಮೇಲೆ ಇದನ್ನೇ ಮಾಡಿ ನೋಡಿದ್ದಾರೆ. ಎರಡನೇ ವಾರದಿಂದ 31ನೇ ವಾರದವರೆಗೆ ಕೆಲವಕ್ಕೆ ಕಮ್ಮಿ, ಕೆಲವಕ್ಕೆ ಮಧ್ಯಮ, ಕೆಲವಕ್ಕೆ ಜಾಸ್ತಿ ಆಹಾರ. ಆಮೇಲೆ ಎಲ್ಲಕ್ಕೂ ಒಂದೇ ಮೇವು. ಮೊದಲು ಜಾಸ್ತಿ ತಿಂದವು ತಿಂಗಳಿಗೂ ಮುಂಚೆ ಪ್ರಾಯಕ್ಕೆ ಬಂದವು. ದೊಡ್ಡವಾದ ಮೇಲೂ ಅವುಗಳ ಬೀಜವೇ ದೊಡ್ಡದು. ಹಿಂದೆ ಬಿದ್ದವು ಮುಂದೆ ಬಂದು ಸೇರಲಿಲ್ಲ. ಆದರೆ ಗಮನಿಸಿ. ವೀರ್ಯಾಣುವಿನ ಗುಣದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೀಜದ ಗಾತ್ರದಲ್ಲಿ, ಅಂದರೆ ಎಷ್ಟು ತಯಾರಾಗುತ್ತದೆ ಅನ್ನುವುದರಲ್ಲಿ.

ಹಾಗಾಗಿ ನನ್ನ ಲೆಕ್ಕ ಹೀಗೆ. ಭೀಮನ ವೀರ್ಯ ಕಮ್ಮಿ ಇರುವುದು ಮೊದಲ ಆರು ತಿಂಗಳ ತಪ್ಪು. ಆದರೆ ಹನ್ನೊಂದಕ್ಕೆ ಮೂರು ಅನ್ನುವಷ್ಟು ಕೆಟ್ಟಿದೆ ಅಂದರೆ ಗುಣವೂ ಕೆಟ್ಟಿದೆ. ಅದು ಈಗಿನ ತಪ್ಪು. ಎರಡನ್ನೂ ಒಂದೇ ಗಂಟು ಕಟ್ಟಬಾರದು ಅಂತ ನನಗನ್ನಿಸುತ್ತದೆ. ತಪ್ಪಿದ್ದರೆ ಸರ್ ತಿದ್ದಬೇಕು.

ಪ್ರಾಯ ಅಂದರೆ ಏನು ಅಂತ ಯಾರಾದರೂ ಕೇಳುತ್ತೀರಿ. ಒಂದು ಸಲಕ್ಕೆ ಬರುವ ವೀರ್ಯದಲ್ಲಿ ಕನಿಷ್ಠ 5 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ ಹತ್ತಾದರೂ ಓಡಾಡುತ್ತಿರಬೇಕು. ಪ್ರಾಯಕ್ಕೆ ಬಂತು ಅಂದಮಾತ್ರಕ್ಕೆ ತಳಿಗೆ ತಯಾರು ಅಂತಲ್ಲ. ಇಂಜೆಕ್ಷನ್ನಿಗೆ ಬರುವ ಒಂದು ಕಡ್ಡಿಯಲ್ಲೇ ಕಾಲು ಮಿಲಿಲೀಟರಿಗೆ 2 ಕೋಟಿ ಇರುತ್ತದೆ.

ಖಿಲಾರಿ ಪ್ರೇಮಿ | ಜೂನ್ 16, ರಾತ್ರಿ 9:15

ಕೆನಡಾ ಕರು ಬೇರೆ, ನಮ್ಮ ಕರು ಬೇರೆ ತಂಗಿ. ನಮ್ಮ ಅಜ್ಜ ಸೊಲ್ಲಾಪುರದ ಕಡೆ ಐವತ್ತು ವರ್ಷ ಹತ್ತಿಕಾಳು ತಿನ್ನಿಸಿದರು. ಎತ್ತುಗಳು ಹೇಗಿದ್ದವು ಗೊತ್ತಾ, ಕಬ್ಬಿಣ. ಹತ್ತಿಕಾಳಿನಿಂದ ಕೆಟ್ಟಿದ್ದು ಒಂದೂ ಕಾಣೆ. ಎಲ್ಲಾ ಹೊಸ ಹೊಸ ಮಾತು.

ದನದ ಡಾಕ್ಟ್ರು, ನಿವೃತ್ತ | ಜೂನ್ 17, ಬೆಳಿಗ್ಗೆ 10:02

ತಮ್ಮಾ, ನೀವೇ ಉತ್ತರ ಹೇಳಿಬಿಟ್ಟಿರಿ. ಅಜ್ಜ ತಿನ್ನಿಸಿದ್ದು ಎತ್ತಿಗೆ. ಎತ್ತಿಗೆ ಬೀಜ ಒಡೆದಾಗಿದೆ. ಅದಕ್ಕೆ ವೀರ್ಯದ ಚಿಂತೆ ಎಲ್ಲಿಂದ?

ಹತ್ತಿಕಾಳಿನಲ್ಲಿ ಗಾಸಿಪಾಲ್ ಅನ್ನುವ ಹಳದಿ ಬಣ್ಣದ ವಿಷ ಇರುತ್ತದೆ. ಹುಳ ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ಉಪಾಯ. ಬೆಳೆದ ಹಸುವಿನ ಹೊಟ್ಟೆ ಅದನ್ನು ಬಹುಪಾಲು ಕಟ್ಟಿಹಾಕುತ್ತದೆ. ಮಹಾರಾಷ್ಟ್ರದಲ್ಲಿ ಹಾಲಿಗೆ ಸರಕಿ, ಅಂದರೆ ಹತ್ತಿಕಾಳು ಹಿಂಡಿಯೇ ಜೀವಾಳ. ಕೊಬ್ಬಿನಂಶ ಏರುತ್ತದೆ ಅಂತ ಎಲ್ಲರೂ ಕೊಡುತ್ತಾರೆ. ಹಸುವಿಗೆ ಅಳತೆಯಲ್ಲಿ ಕೊಡಿ, ನನ್ನ ತಕರಾರಿಲ್ಲ. ಮೆಲುಕು ಹಾಕಲು ಇನ್ನೂ ಕಲಿಯದ ಎಳೆಗರುವಿಗೆ ಬೇಡ. ತಳಿಯ ಹೋರಿಗಂತೂ ಬೇಡವೇ ಬೇಡ.

ಹೋರಿಯಲ್ಲಿ ಇದು ಮೊದಲು ಹಿಡಿಯುವುದು ವೀರ್ಯಾಣುವಿನ ಕತ್ತನ್ನು. ತಲೆ ಮತ್ತು ಬಾಲದ ನಡುವೆ ಒಂದು ತುಂಡು ಇರುತ್ತದೆ. ಎಂಜಿನ್ ಇರುವುದು ಅಲ್ಲೇ. ಅದು ಒಡೆಯುತ್ತದೆ, ಮಡಚಿಕೊಳ್ಳುತ್ತದೆ. ವೀರ್ಯಾಣು ಇದ್ದೂ ಇಲ್ಲದ ಹಾಗೆ. ಹೋರಿ ಹೊರಗಿನಿಂದ ಚೆನ್ನಾಗೇ ಇರುತ್ತದೆ, ಹುರುಪೂ ಇರುತ್ತದೆ. ಅದಕ್ಕೇ ನಿಮಗೆ ಕೆಟ್ಟದ್ದು ಕಾಣಲಿಲ್ಲ.

ಇಡೀ ಕಾಳಿನಲ್ಲಿ ಮತ್ತು ಬಿಸಿ ಕಾಣದ ಗಾಣದ ಹಿಂಡಿಯಲ್ಲಿ ಇದು ಜಾಸ್ತಿ. ದೊಡ್ಡ ಗಿರಣಿಯಲ್ಲಿ ಬಿಸಿ ಮಾಡಿ ತೆಗೆದ ಹಿಂಡಿಯಲ್ಲಿ ಕಮ್ಮಿ. ಸಮಾಧಾನದ ವಿಷಯ, ನಿಲ್ಲಿಸಿದರೆ ಹೆಚ್ಚಾಗಿ ಸುಧಾರಿಸುತ್ತದೆ. ಆದರೆ ನಾಳೆಯೇ ಅಲ್ಲ. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು 61 ದಿನ ಬೇಕು. ಕೊಳವೆ ದಾಟಿ ಹೊರಗೆ ಬರಲು ಮತ್ತೆ ಹತ್ತು ದಿನ. ಇವತ್ತು ಮೇವು ಬದಲಿಸಿದರೆ ಫಲ ಕಾಣುವುದು ಎರಡೂವರೆ ತಿಂಗಳಿಗೆ. ಜ್ವರಕ್ಕೂ ವೀರ್ಯ ಕೆಡುತ್ತದೆ, ಜ್ವರ ಬಂದಿತ್ತಾ ಅಂತ ಕೇಳಿದ್ದೂ ಇದೇ ಲೆಕ್ಕಕ್ಕೆ.

ಪರೇಲಿನ ಮಗಳು ಹೇಳಿದ್ದು ಸರಿ. ಎರಡು ಗಂಟು. ನಾನೇ ಒಂದಾಗಿ ಕಟ್ಟಿದ್ದೆ.

ಗೋರೆಗಾಂವ್ ಲೆಕ್ಕದವ | ಜೂನ್ 18, ರಾತ್ರಿ 11:30

ಕುಂದಾಪುರದವ ನಾನು. ಗೋರೆಗಾಂವಿನ ಆರೆ ಕಡೆ ಎರಡು ತಬೇಲಾದ (ಎಮ್ಮೆ ಕೊಟ್ಟಿಗೆಯ) ಲೆಕ್ಕ ಬರೆಯುತ್ತೇನೆ. ಊರೊಳಗಿನ ಎಮ್ಮೆ ಕೊಟ್ಟಿಗೆಗಳನ್ನೆಲ್ಲ ಹೊರಗೆ ಸಾಗಿಸಲು 1949ರಲ್ಲಿ ಶುರು ಮಾಡಿದ ಜಾಗ ಇದು. ಆಗ ಮುಂಬೈಯ ಹೊರಗೆ. ಈಗ ಸುತ್ತ ಕಟ್ಟಡ, ರಾತ್ರಿ ಚಿರತೆ.

ಗೌಡ್ರೇ, ನೀವು ಎರಡು ಲೀಟರ್ ಆದರೂ ಕೊಟ್ಟಿರಿ. ಇಲ್ಲಿ ಕೋಣಗರುವಿನ ಕತೆ ಕೇಳಬೇಡಿ. ಎಮ್ಮೆ ಸೊರ ಬಿಡಲಿ ಅಂತ ಕರುವನ್ನು ಎರಡು ಸಲ ಮೊಲೆಗೆ ಮುಟ್ಟಿಸುತ್ತಾರೆ. ಹಾಲು ಇಳಿದ ಕೂಡಲೇ ಎಳೆದು ಕಟ್ಟುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇಲ್ಲ. ಹುಟ್ಟಿದ್ದಕ್ಕೆ ಜಮಾ ಇಲ್ಲ, ಸತ್ತದ್ದಕ್ಕೆ ಖರ್ಚಿಲ್ಲ. ಎಮ್ಮೆ ಮಾತ್ರ ಹರಿಯಾಣದ ಮುರ್ರಾ, ಲಕ್ಷದ ಮೇಲೆ. ಮತ್ತೆ ಮಾಲೀಕರೇ ಒಳ್ಳೆ ಕೋಣ ಸಿಗುವುದಿಲ್ಲ ಅಂತ ಗೋಳಾಡುತ್ತಾರೆ.

ಒಂದು ತಬೇಲಾದಲ್ಲಿ ಮಾತ್ರ ವಯಸ್ಸಾದ ಭೈಯಾ ಒಬ್ಬರು ಇದ್ದಾರೆ. ಕರು ಹುಟ್ಟಿದ ಹತ್ತನೇ ದಿನಕ್ಕೆ ತಪ್ಪದೆ ಜಂತಿನ ಔಷಧಿ ಹಾಕುತ್ತಾರೆ. ತಾಯಿಯ ಹಾಲಿನಲ್ಲೇ ದುಂಡು ಹುಳ ಬರುತ್ತದಂತೆ, ಹೌದಾ ಡಾಕ್ಟ್ರೇ? ಅವರ ಕೈಯಲ್ಲಿ ಕರು ಸಾಯುವುದು ತುಂಬಾ ಕಮ್ಮಿ. ಓದು ಬರಹ ಇಲ್ಲ.

ದನದ ಡಾಕ್ಟ್ರು, ನಿವೃತ್ತ | ಜೂನ್ 19, ಬೆಳಿಗ್ಗೆ 9:50

ಹೌದು. ಎಮ್ಮೆಗರುವನ್ನು ಮೊದಲ ತಿಂಗಳಲ್ಲಿ ಕೊಲ್ಲುವುದರಲ್ಲಿ ಆ ಹುಳದ ಪಾಲು ದೊಡ್ಡದು. ಆ ಭೈಯಾಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ಕೋಣಕ್ಕೆ ಈ ಮೇಲಿನ ತಿಂಗಳ ಲೆಕ್ಕ ಹಾಕಬೇಡಿ. ಪ್ರಾಯಕ್ಕೆ ಬರುವುದೇ ಎರಡು ವರ್ಷದ ಆಸುಪಾಸು, ಹೊಟ್ಟೆ ಕಟ್ಟಿದರೆ ಇನ್ನೂ ತಡ.

ವಾಳಪೈ ಅಕ್ಕ | ಜೂನ್ 20, ಮಧ್ಯಾಹ್ನ 3:12

ನಾನು ಶಿರಸಿ ಹತ್ತಿರದವಳು. ಮದುವೆಯಾಗಿ ಗೋವಾದ ಸತ್ತರಿಗೆ ಬಂದೆ. ಆರು ಹಸು ಇವೆ. ನಾಲ್ಕು ಜೆರ್ಸಿ ಕ್ರಾಸ್. ಎರಡು ಇಲ್ಲಿಯದೇ ಶ್ವೇತ ಕಪಿಲ. ಬೆಳ್ಳಗೆ, ಗಿಡ್ಡಕ್ಕೆ, ಗುಡ್ಡ ಹತ್ತಿ ತಾವೇ ಮೇಯ್ದು ಬರುತ್ತವೆ. ಡಾಕ್ಟ್ರೇ, ನೀವು ಹೇಳಿದ ಸೆಂಟಿಮೀಟರ್ ಲೆಕ್ಕ ನಮ್ಮ ಗಿಡ್ಡ ಹೋರಿಗೆ ಹಿಡಿದರೆ ಊರಲ್ಲಿ ಒಂದೂ ಪಾಸಾಗುವುದಿಲ್ಲ. ಆದರೆ ಅವನ್ನು ಬಿಟ್ಟ ಹಸು ಗಬ್ಬ ನಿಲ್ಲದೇ ಇದ್ದದ್ದು ನಾನು ಕಂಡಿಲ್ಲ.

ನನ್ನ ಅನುಭವ ಬೇರೆ. ಮಳೆಗಾಲದಲ್ಲಿ ಇಲ್ಲಿ ಯಾವ ಹಿಂಡಿಯೂ ಒಣಗಿರುವುದಿಲ್ಲ. ತೆಂಗಿನ ಹಿಂಡಿ ನಾಲ್ಕು ದಿನಕ್ಕೆ ಜಿಡ್ಡು ವಾಸನೆ. ಮೆಕ್ಕೆಜೋಳದ ನುಚ್ಚಿಗೆ ಹಸಿರು ಬೂಷ್ಟು. ಎರಡು ವರ್ಷದ ಹಿಂದೆ, ಬಿಸಾಡಲು ಮನಸ್ಸು ಬಾರದೆ ಬೂಷ್ಟು ಕೊಡವಿ ಹೋರಿಗೇ ಹಾಕಿದೆ. ಹಾಲು ಕೊಡುವುದಲ್ಲ ಅಲ್ವಾ, ತಿನ್ನಲಿ ಅಂತ. ದೀಪಾವಳಿ ಹೊತ್ತಿಗೆ ಅದು ಹಸುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆದೆಯ ಹಸು ಪಕ್ಕದಲ್ಲಿ ಕೂಗುತ್ತಿದ್ದರೂ ಇದು ಮೆಲುಕು ಹಾಕುತ್ತಾ ಮಲಗಿತ್ತು. ಬೂಷ್ಟಿನಿಂದಲೇ ಆಯಿತಾ?

ಪರೇಲ್ ಹುಡುಗಿ | ಜೂನ್ 20, ಸಂಜೆ 6:40

ಅಕ್ಕಾ, ನಿಮ್ಮ ಹೋರಿಗೆ ಅದೇ ಕಾರಣ ಅಂತ ನೋಡದೆ ಹೇಳಲಾರೆ. ಆದರೆ ಮೆಕ್ಕೆಜೋಳಕ್ಕೆ ಹಿಡಿಯುವ ಒಂದು ಜಾತಿ ಬೂಷ್ಟಿನ ವಿಷ ಹೆಣ್ಣು ಹಾರ್ಮೋನಿನ ಥರ ವರ್ತಿಸುತ್ತದೆ. ಹೆಸರು ಝಿಯರಲೆನೋನ್. ಶೇಂಗಾ ಹಿಂಡಿಯ ಬೂಷ್ಟಿನಲ್ಲಿ ಬರುವುದು ಅಫ್ಲಾಟಾಕ್ಸಿನ್. ಅದು ಯಕೃತ್ತನ್ನು ಹಿಡಿಯುತ್ತದೆ, ಕರುವಿನ ಬೆಳವಣಿಗೆ ನಿಲ್ಲಿಸುತ್ತದೆ. ಬೂಷ್ಟು ಕೊಡವಿದರೆ ವಿಷ ಹೋಗುವುದಿಲ್ಲ. ಕಾಳಿನೊಳಗೆ ಇಳಿದಿರುತ್ತದೆ.

ಸೆಂಟಿಮೀಟರ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಆ ಪಟ್ಟಿ ದೊಡ್ಡ ಮೈಯ ತಳಿಗೆ.

ಸುಮ್ನೆ ಬಂದೆ | ಜೂನ್ 20, ರಾತ್ರಿ 10:00

ಸುಮ್ನೆ ಬಂದವನು ಇಲ್ಲೇ ಕೂತುಬಿಟ್ಟಿದ್ದೇನೆ. ಒಂದು ಪ್ರಶ್ನೆ. ಗೌಡ್ರು ಆ ಹಾಲು ಕರುವಿಗೇ ಕೊಟ್ಟಿದ್ದರೆ ಎಷ್ಟು ನಷ್ಟ ಆಗುತ್ತಿತ್ತು?

ಮಾಂಜ್ರಿ ಗೌಡ | ಜೂನ್ 21, ಬೆಳಿಗ್ಗೆ 5:50

ಅದನ್ನೇ ನಿನ್ನೆ ಹಾಲು ಕರೆಯುತ್ತಾ ಲೆಕ್ಕ ಹಾಕಿದೆ. ದಿನಕ್ಕೆ ಇನ್ನೂ ಎರಡು ಲೀಟರ್, ಎರಡು ತಿಂಗಳು. 120 ಲೀಟರ್. ಲೀಟರಿಗೆ 30 ರೂಪಾಯಿ ಹಿಡಿದರೆ 3,600. ಆಮೇಲೆ ಭೀಮನಿಗೆ ತಿಂಗಳಿಗೆ ಅದಕ್ಕಿಂತ ಜಾಸ್ತಿ ಪಶು ಆಹಾರ ತಿನ್ನಿಸಿದ್ದೇನೆ, ಹದಿಮೂರು ತಿಂಗಳು. ಹೆಂಡತಿಗೆ ಈ ಲೆಕ್ಕ ಹೇಳಿಲ್ಲ.

ಡಾಕ್ಟ್ರೇ, ಲಕ್ಷ್ಮಿ ಅನ್ನುವ ಹಸು ಈ ತಿಂಗಳ ಕೊನೆಗೆ ಈಯುತ್ತಾಳೆ. ಗಂಡಾದರೆ ಹೇಗೆ ಸಾಕಲಿ? ಭೀಮನಿಗೆ ಏನು ಮಾಡಲಿ?

ದನದ ಡಾಕ್ಟ್ರು, ನಿವೃತ್ತ | ಜೂನ್ 21, ಮಧ್ಯಾಹ್ನ 12:15

ಮೊದಲು ಭೀಮ. ಹತ್ತಿಕಾಳು, ಹಿಂಡಿ ಇವತ್ತೇ ಬಂದ್. ಪಶು ಆಹಾರ ಐದರಿಂದ ಎರಡು ಕಿಲೋಗೆ ಇಳಿಸಿ, ವಾರದಲ್ಲಿ ಮೆಲ್ಲಗೆ. ಹಸುವಿನ ಕ್ಯಾಲ್ಸಿಯಂ ಟಾನಿಕ್ ಬೇಡ. ಹಸು ಹಾಲಿನಲ್ಲಿ ಹೊರಗೆ ಹಾಕುತ್ತಾಳೆ, ಹೋರಿ ಎಲ್ಲಿ ಹಾಕುತ್ತಾನೆ? ಜಾಸ್ತಿಯಾದದ್ದು ಬೆನ್ನುಮೂಳೆಗೆ ಕೂತು, ವಯಸ್ಸಾದ ಮೇಲೆ ಹಾರಲಾಗದ ಹೋರಿಗಳನ್ನು ಕಂಡಿದ್ದೇನೆ. ದಿನಕ್ಕೆ ಐವತ್ತು ಗ್ರಾಂ ಒಳ್ಳೆ ಖನಿಜ ಮಿಶ್ರಣ ಸಾಕು. ಸತು, ಸೆಲೆನಿಯಂ, ತಾಮ್ರ ಅದರಲ್ಲಿ ಬರುತ್ತವೆ. ಹಸಿರು ಮೇವು ಕೊಡಿ. ಬರೀ ಹಳೆ ಕಣಿಕೆಯಲ್ಲಿ ಎ ಜೀವಸತ್ವ ಉಳಿದಿರುವುದಿಲ್ಲ. ಅದು ಕಮ್ಮಿಯಾದರೆ ವೀರ್ಯ ತಯಾರಾಗುವ ಪದರವೇ ಸವೆಯುತ್ತದೆ. ದಿನಾ ಅರ್ಧ ಗಂಟೆ ನಡೆಸಿ. ಪಕ್ಕೆಲುಬಿನ ಮೇಲೆ ಕೈಯಾಡಿಸಿದರೆ ಕೊನೆಯ ಎಲುಬುಗಳು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಎಂಬತ್ತು ದಿನ ಯಾವ ಹಸುವಿಗೂ ಬಿಡಬೇಡಿ. ಆಮೇಲೆ ವೀರ್ಯ ಪರೀಕ್ಷೆ. ಅದರ ಜೊತೆ ಬ್ರುಸೆಲ್ಲಾ, ಅಂದರೆ ಗಬ್ಬ ಇಳಿಸುವ ಅಂಟುರೋಗದ ರಕ್ತಪರೀಕ್ಷೆಯೂ ಆಗಲಿ. ಊರ ಹಸುವಿಗೆಲ್ಲ ಬಿಟ್ಟಿದ್ದೀರಿ, ಅದು ಸಣ್ಣ ಮಾತಲ್ಲ.

ಈಗ ಹೊಸ ಕರು. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣದ ಹಾಲು, ತೂಕದ ಹತ್ತನೇ ಒಂದು ಪಾಲು. 34 ಕಿಲೋ ಇದ್ದರೆ ಮೂರೂವರೆ ಲೀಟರ್. ಅಳೆದು ಕುಡಿಸಿ. ಆಮೇಲೆ ಎರಡು ತಿಂಗಳು ದಿನಕ್ಕೆ ಐದಾರು ಲೀಟರ್ ಹಾಲು. ಎರಡನೇ ವಾರದಿಂದ ಕರುವಿನ ಆಹಾರ ಹಿಡಿಯಷ್ಟು, ಪಕ್ಕದಲ್ಲಿ ಸದಾ ನೀರು. ಹಾಲಿದೆಯಲ್ಲ ಅಂತ ನೀರು ಇಡದೇ ಇರುವುದು ಎಲ್ಲರೂ ಮಾಡುವ ತಪ್ಪು. ನೀರಿಲ್ಲದೆ ಕಾಳು ತಿನ್ನುವುದಿಲ್ಲ. ಕಾಳಿಲ್ಲದೆ ಮೆಲುಕಿನ ಹೊಟ್ಟೆ ಬೆಳೆಯುವುದಿಲ್ಲ. ದಿನಕ್ಕೆ ಒಂದು ಕಿಲೋ ಕರು ಆಹಾರ ಮೂರು ದಿನ ಸತತ ತಿಂದರೆ ಹಾಲು ಬಿಡಿಸಿ. ಕ್ಯಾಲೆಂಡರ್ ನೋಡಿ ಬಿಡಿಸಬೇಡಿ.

ಆರು ತಿಂಗಳವರೆಗೆ ಕೈ ಬಿಗಿ ಬೇಡ. ಕುದುರೆ ಮಸಾಲೆ ಸೊಪ್ಪು, ಅದೇ ನಿಮ್ಮಲ್ಲಿಯ ಲಸೂಣ್ ಘಾಸ್, ಧಾರಾಳವಾಗಿ ಕೊಡಿ. ಕಬ್ಬಿನ ವಾಡೆ ಕರುವಿನ ಹತ್ತಿರ ತರಬೇಡಿ. ಅದರಲ್ಲಿ ಆಕ್ಸಲೇಟ್ ಇದೆ, ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಆರೇಳು ತಿಂಗಳಾದ ಮೇಲೆ ಕಾಳಿಗೆ ಲಗಾಮು ಹಾಕಿ, ಮೇವು ಹೆಚ್ಚಿಸಿ. ನೀವು ಮಾಡಿದ್ದು ಪೂರ್ತಿ ಉಲ್ಟಾ.

ಒಮ್ಮೆ ಉರುಳಿ ಕಾಂಚನಕ್ಕೆ ಹೋಗಿ ಬನ್ನಿ, ನಿಮಗೆ ಹತ್ತಿರವೇ. ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ಅಲ್ಲೇ ಇದೆ. ತಳಿ ಹೋರಿಯ ಕೆಲಸದಲ್ಲಿ ಹಳೆಯ ಕೈ. ಅಲ್ಲಿ ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಖಿಲಾರಿ ಪ್ರೇಮಿ | ಜೂನ್ 21, ರಾತ್ರಿ 8:20

ಎತ್ತಿನ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ ಡಾಕ್ಟ್ರೇ. ನಮ್ಮ ಓಣಿಯ ಒಂದು ಶರ್ಯತ್ತಿನ ಹೋರಿಗೆ ಬೀಜ ಒಡೆಸಿಲ್ಲ, ತಳಿಗೂ ಬಿಡುತ್ತಾರೆ. ದಿನಾ ಒಂದೂವರೆ ಕಿಲೋ ಹತ್ತಿಕಾಳು. ಮಾಲೀಕನಿಗೆ ಹೇಳಿದೆ. 'ನಿನಗ್ಯಾರು ಹೇಳಿದರು' ಅಂದ. ನಾನು ಮೊನ್ನೆ ಹೇಳಿದ ಹಾಗೇ ಹೇಳಿದ, 'ಎಲ್ಲಾ ಹೊಸ ಮಾತು' ಅಂತ.

ಮಾಂಜ್ರಿ ಗೌಡ | ಸೆಪ್ಟೆಂಬರ್ 30, ರಾತ್ರಿ 9:05

ಎಲ್ಲರೂ ಮರೆತಿರಬಹುದು. ವರದಿ ಕೊಡುತ್ತೇನೆ ಅಂತ ಮನಸ್ಸಲ್ಲೇ ಒಪ್ಪಿಕೊಂಡಿದ್ದೆ.

ಮೊದಲ ವಾರ ಭೀಮ ಗೋಣಿಚೀಲ ಕಂಡರೆ ಕೂಗುತ್ತಿದ್ದ. ಹತ್ತಿಕಾಳಿನ ಬಾನಿಯನ್ನು ಖಾಲಿಯಿದ್ದರೂ ನೆಕ್ಕುತ್ತಿದ್ದ. ಕರುಳು ಚುರ್ ಅಂದಿತು, ಆದರೂ ಕೊಡಲಿಲ್ಲ. ಬೆಳಿಗ್ಗೆ ಕಾಲುವೆವರೆಗೆ ನಡೆಸಿದೆ. ಅವನೂ ಇಳಿದ, ನಾನೂ ಎರಡು ಕಿಲೋ ಇಳಿದೆ. ಎತ್ತುಗಳ ಪೋಳಾ ಹಬ್ಬದ ದಿನ ಕೊಂಬಿಗೆ ಬಣ್ಣ ಹಚ್ಚಿ ನಿಲ್ಲಿಸಿದಾಗ ಮರಾಠಿ ಗೆಳೆಯ, 'ಬಡವಾಗಿದ್ದಾನಲ್ಲ' ಅಂದ.

ಜೂನ್ ಕೊನೆಗೆ ಒಮ್ಮೆ, ಮೊನ್ನೆ ಒಮ್ಮೆ ಇಲ್ಲಿನ ಡಾಕ್ಟ್ರು ವೀರ್ಯ ತೆಗೆದು ನೋಡಿದರು. ವೀರ್ಯ ಹಿಡಿಯುವ ರಬ್ಬರಿನ ಕೊಳವೆಗೆ ಬಿಸಿನೀರು ತುಂಬಬೇಕು. ಹೆಂಡತಿ ಚಹಾದ ಥರ್ಮಾಸಿನಲ್ಲೇ ನೀರು ತಂದು ನಿಂತಿದ್ದಳು. ಆ ಥರ್ಮಾಸ್ ಈಗ ಮನೆಯೊಳಗೆ ಬಂದಿಲ್ಲ. ಜೂನಿನಲ್ಲಿ ಡಾಕ್ಟ್ರು ನನಗೂ ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಟ್ಟಿದ್ದರು. ಅರ್ಧಕ್ಕರ್ಧ ಸುಮ್ಮನೆ ಬಿದ್ದಿದ್ದವು. ಕೆಲವು ಕತ್ತು ಮುರಿದ ಗುಂಡುಸೂಜಿಯ ಹಾಗೆ. ಈ ಸಲ ಹೆಚ್ಚಿನವು ಸರಸರ ಓಡುತ್ತಿದ್ದವು. ಕತ್ತು ಮುರಿದದ್ದು ಹುಡುಕಬೇಕಾಯಿತು. ಆದರೆ ತೆಳ್ಳಗೆ. ಎಣಿಕೆ ಕಮ್ಮಿ. ಬೀಜದ ಅಳತೆ ಮೂವತ್ತೂವರೆ. ಅಂದರೆ ಪರೇಲ್ ತಂಗಿ ಹೇಳಿದ ಹಾಗೇ ಒಂದು ಗಂಟು ಬಿಚ್ಚಿತು, ಇನ್ನೊಂದು ಹಾಗೇ ಇದೆ. ಬ್ರುಸೆಲ್ಲಾ ಇಲ್ಲ, ದೇವರು ದೊಡ್ಡವನು.

ತಿಂಗಳಿಗೆ ಒಂದೆರಡು ಹಸುವಿಗೆ ಮಾತ್ರ ಬಿಡಿ, ತಳಿಗೆ ಅಂತ ಇಟ್ಟುಕೊಳ್ಳಬೇಡಿ ಅಂತ ಇಲ್ಲಿನ ಡಾಕ್ಟ್ರು ಹೇಳಿದ್ದಾರೆ. ಕೊಡುವುದಾದರೂ ಯಾರಿಗೆ? 2015ರಿಂದ ಇಲ್ಲಿ ಹೋರಿ, ಎತ್ತನ್ನೂ ಕಡಿಯುವಂತಿಲ್ಲ, ಸಾಕುವವರು ಸಿಗುವುದಿಲ್ಲ. ಬೀಜ ಒಡೆಸಿ ಗಾಡಿಗೆ ಕೊಡು ಅಂತ ಒಬ್ಬ ಕೇಳಿದ್ದಾನೆ. ಇನ್ನೂ ಏನೂ ಹೇಳಿಲ್ಲ.

ದನದ ಡಾಕ್ಟ್ರು, ನಿವೃತ್ತ | ಅಕ್ಟೋಬರ್ 1, ಬೆಳಿಗ್ಗೆ 10:30

ಬಹಳ ಸಂತೋಷ. ಲಕ್ಷ್ಮಿ ಏನು ಹಾಕಿದಳು, ಅದನ್ನೇ ಹೇಳಲಿಲ್ಲವಲ್ಲ?

ಮಾಂಜ್ರಿ ಗೌಡ | ಅಕ್ಟೋಬರ್ 1, ರಾತ್ರಿ 8:40

ಹೋರಿಗರು ಡಾಕ್ಟ್ರೇ. ಜುಲೈ 2ಕ್ಕೆ, ಸುರಿಯುವ ಮಳೆಯಲ್ಲಿ. ಗಿಣ್ಣ ಅಳೆದೇ ಕುಡಿಸಿದೆ. ಮೂರೂವರೆಗೆ ಒಂದು ಲೋಟ ಕಮ್ಮಿ ಬಿತ್ತು, ಇನ್ನೊಂದು ಹಸುವಿನದು ತಂದು ಸೇರಿಸಿದೆ.

ಇವತ್ತಿಗೆ ಮೂರು ತಿಂಗಳು. ಸಂಜೆ ಅಳೆದೆ. ಎದೆ 43 ಇಂಚು, ಉದ್ದ 34. ಲೆಕ್ಕ 95 ಕಿಲೋ. ಗೋಡೆಯಲ್ಲಿ ಭೀಮನ ಆರು ತಿಂಗಳ 88ರ ಪಕ್ಕದಲ್ಲೇ ಬರೆದೆ. ಈ ಸಲ ಇದ್ದಿಲು ಸಿಗಲಿಲ್ಲ, ಮಗಳ ಕೆಂಪು ಬಳಪ.